ಇಲಿಗೆ ಗಾಯವಾಗದ ಬೋನು

ನಮ್ಮ ವಸತಿಗೃಹದ ಉಗ್ರಾಣದಲ್ಲಿ ಸುಂಡಿಲಿಗಳ ಉಪದ್ರವವು ಹೆಚ್ಚಾದ ವರುಷ, ಅವುಗಳನ್ನು ಹಿಡಿಯುವ ಬಗೆಯನ್ನೇ ಒಂಬತ್ತನೆಯ ತರಗತಿಗೆ ಪಾಠವಾಗಿ ಕೊಟ್ಟೆನು. ಸ್ಪ್ರಿಂಗಿನ ಬೋನು ಕೊಲ್ಲುವದಕ್ಕೆಂದೇ ಮಾಡಿದ್ದು. ಅಂಟುಹಲಗೆಯಾದರೋ ಅದಕ್ಕಿಂತಲೂ ಕ್ರೂರವಾದದ್ದು. ಅದಕ್ಕೆ ಸಿಕ್ಕಿದ ಪ್ರಾಣಿಯು ಬೇಗ ಸಾಯದೆ ಗಂಟೆಗಟ್ಟಲೆ ಒದ್ದಾಡುವದು. ಪೇಟೆಯ ಪೆಟ್ಟಿಗೆಬೋನು ಜೀವಂತವಾಗಿ ಹಿಡಿಯುವದಾದರೂ ಅದರ ಬಾಗಿಲು ಬಾಲದ ಮೇಲೆ ಬಲವಾಗಿ ಬೀಳುವದುಂಟು. ಗಾಯವಿಲ್ಲದೆ ಹಿಡಿದು ಹೊರಗೆ ಬಿಡತಕ್ಕಂಥ ಬೋನನ್ನು ನಾವೇ ಮಾಡಬಹುದೋ? ಒಬ್ಬ ವಿದ್ಯಾರ್ಥಿನಿಯ ತಂದೆಯವರು ತಮ್ಮ ಮನೆಯ ತ್ರೀ-ಡಿ ಪ್ರಿಂಟರನ್ನು ದಯೆಯಿಂದ ಎರವಲು ಕೊಟ್ಟರು.

ಈ ಯಂತ್ರವು ಕಾಗದದ ಮೇಲೆ ಅಕ್ಷರಗಳನ್ನು ಮುದ್ರಿಸುವಂಥದಲ್ಲ. 1.75 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, 0.4 ಮಿಲಿಮೀಟರ್ ರಂಧ್ರದಿಂದ ಹೊರಡಿಸಿ, ಪದರದ ಮೇಲೆ ಪದರವನ್ನಿಟ್ಟು ವಸ್ತುವನ್ನು ಎಬ್ಬಿಸುವದು. ಚಕ್ಕುಲಿ ಒತ್ತುವದನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಎಂಬವರು 2005ರಲ್ಲಿ 'ರೆಪ್‌ರ್ಯಾಪ್' ಎಂಬ ಕಾರ್ಯವನ್ನಾರಂಭಿಸಿ, ಇಂಥ ಯಂತ್ರದ ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ಒದಗಿಸಿದರು. ಕಾರ್ಖಾನೆಯ ಈ ವಿದ್ಯೆಯು ಮನೆಯ ಮೇಜಿಗೆ ಬರುವದಕ್ಕೆ ಅದರಿಂದ ಬಹಳ ಸಹಾಯವಾಯಿತು.

ನಮ್ಮ ಬೋನಿನ ತತ್ವವು ಬಾವಿಯ ಏತದ್ದೇ. 160 ಮಿಲಿಮೀಟರ್ ಉದ್ದದ, ಒಳಗೆ 40 ಮಿಲಿಮೀಟರ್ ಚಚ್ಚೌಕದ ಕೊಳವೆಯೊಂದು ನಡುವಿನ ಅಚ್ಚಿನ ಮೇಲೆ ತೂಗುವದು. ಅದರ ಬಾಯಿ ನೆಲಕ್ಕೆ ತಗಲಿರುವದು. ಹಿಂದಿನ ತುದಿ, ಅಂದರೆ ತಿಂಡಿಯ ಸ್ಥಳ, ಮೇಲಿರುವದು. ಇಲಿಯು ಅಚ್ಚನ್ನು ದಾಟಿ ಮುಂದೆ ಹೋದರೆ ಹಿಂದಿನ ತುದಿಯು ತಗ್ಗಿ ಬಾಯಿ ಏಳುವದು. ಬಾಗಿಲೆಂಬದು ಬಾಯಿಯ ಎರಡು ಬದಿಯ ತೋಡುಗಳಲ್ಲಿ ಜಾರುವ ತೆಳುಹಲಗೆ. ಅದು ಪೀಠದ ಎರಡು ಗೂಟಗಳ ಮೇಲೆ ಕೂತಿರುವದು. ಇಲ್ಲಿ ಬಾಗಿಲು ಮೇಲಿನಿಂದ ಬೀಳುವದಿಲ್ಲ. ಕೊಳವೆಯೇ ಎದ್ದು ಬಾಗಿಲಿನ ಹಿಂದೆ ಸೇರುವದು. ಆದಕಾರಣ ಪೆಟ್ಟು ಎಂಬದಿಲ್ಲ. ಒಳಗಿನ ಇಲಿ ಹಿಂದಿರುಗಿದರೆ ಕೊಳವೆಯು ಪುನಃ ವಾಲದಂತೆ, ತಗ್ಗಿದ ತುದಿಯನ್ನು ಒಂದು ಸಣ್ಣ ಕೊಂಡಿ ಹಿಡಿದುಕೊಳ್ಳುವದು.

ಅಚ್ಚನ್ನು ಎಲ್ಲಿಡಬೇಕೆಂಬದರಲ್ಲಿಯೇ ನಾವು ಎಡವಿದೆವು. ಕೊಳವೆಯ ತೂಕ 60 ಗ್ರಾಂ. ಅದನ್ನು ಪೆನ್ಸಿಲಿನ ಮೇಲೆ ಅಡ್ಡಲಾಗಿಟ್ಟು ಸಮತೂಕದ ಸ್ಥಾನವನ್ನು ಕಂಡುಕೊಂಡು, ಅಲ್ಲಿಂದ 10 ಮಿಲಿಮೀಟರ್ ಹಿಂದಕ್ಕೆ ಅಚ್ಚನ್ನು ಇಟ್ಟೆವು. ಬಾಯಿಯ ಕಡೆಯ ಭಾರವು 60 ಗುಣಿಸು 10, ಅಂದರೆ 600. ಹದಿನೈದು ಗ್ರಾಂ ತೂಕದ ಇಲಿಯು ಇದನ್ನು ಸರಿತೂಗಿಸಬೇಕಾದರೆ ಅಚ್ಚಿನಿಂದಾಚೆ 40 ಮಿಲಿಮೀಟರ್ ಹೋಗಬೇಕು. ತಿಂಡಿಯವರೆಗೆ 55 ಮಿಲಿಮೀಟರ್ ಸ್ಥಳವಿತ್ತು. ಲೆಕ್ಕವು ಸರಿಯೆಂದು ನಾನೂ ಒಪ್ಪಿದೆನು. ಮರುದಿನ ತಿಂಡಿಯೂ ಇರಲಿಲ್ಲ, ಇಲಿಯೂ ಇರಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಎಂದೂ ಹೆಚ್ಚು ಮಾತಾಡದವಳು, ಎದ್ದು ನಿಂತು, "ಅಮ್ಮಾ, ಇಲಿಯ ಭಾರವು ಮೂಗಿನಲ್ಲಿ ಇಲ್ಲವಲ್ಲಾ" ಎಂದಳು. ಅಷ್ಟೇ. ಇಲಿಯ ದೇಹವು 75 ಮಿಲಿಮೀಟರ್ ಉದ್ದವೆಂದರೆ ಅದರ ಭಾರದ ನಡುವು ಮೂಗಿನಿಂದ ಸುಮಾರು 37 ಹಿಂದಿರುವದು. ಮೂಗು 55 ಮುಟ್ಟಿದಾಗ ಭಾರವು 18ರಲ್ಲಿಯೇ ನಿಂತಿತ್ತು. ಅಚ್ಚನ್ನು ಬಾಯಿಯ ಕಡೆಗೆ 6 ಮಿಲಿಮೀಟರ್ ಸರಿಸಿದೆವು. ಈಗ ಬೇಕಾದದ್ದು 16 ಮಾತ್ರ. ಭಾರವು 24ರವರೆಗೆ ಹೋಗಬಲ್ಲದು. ನಕ್ಷೆಯಲ್ಲಿ ಒಂದು ಅಂಕೆಯನ್ನು ತಿದ್ದಿ ಕೊಳವೆಯನ್ನು ಹೊಸದಾಗಿ ಮುದ್ರಿಸಿದ್ದಾಯಿತು. ಮನೆಯ ಪ್ರಿಂಟರಿನ ನಿಜವಾದ ಉಪಕಾರವು ಇದೇ ಎಂದು ನನಗೆ ತೋರುತ್ತದೆ. ತಪ್ಪುವದಕ್ಕೆ ಅದು ಹೆಚ್ಚು ದಂಡ ಹಾಕುವದಿಲ್ಲ. ಆಗಲೇ ಇನ್ನೊಂದು ವಿಷಯವೂ ಹೊಳೆಯಿತು. ದೇಹದಷ್ಟೇ ಉದ್ದದ ಬಾಲವು ಆ ಹೊತ್ತಿಗೆ ಕೊಳವೆಯ ಬಾಯಿಯಲ್ಲಿ ಇರಬಹುದು. ಅದಕ್ಕಾಗಿ ಬಾಗಿಲಿನ ಕೆಳಗೆ 4 ಮಿಲಿಮೀಟರ್ ಸಂದು ಬಿಟ್ಟೆವು. 6 ಅಥವಾ 7 ಬಿಟ್ಟರೆ ಸಣ್ಣ ಇಲಿಯು ತಲೆ ತೂರಿಸಿಕೊಂಡು ಹೊರಬರುವದು.

ಅಂದು ರಾತ್ರಿ ಮೊದಲನೆಯದು ಸಿಕ್ಕಿತು. ತರಗತಿಯೆಲ್ಲ ಸಾಲಾಗಿ ನಿಂತು ನೋಡಿದ ಮೇಲೆ ಅದನ್ನು ಹಿತ್ತಲಿನ ಬೇಲಿಯಾಚೆ ಬಿಟ್ಟೆವು.

ಎರಡನೆಯದರ ಸಂಗತಿಯನ್ನು ಬರೆಯುವದು ನನಗೆ ಸುಲಭವಲ್ಲ. ಶುಕ್ರವಾರ ಸಂಜೆ ಬೋನು ಹೂಡಿದ್ದೆವು. ಉಗ್ರಾಣದ ಬೀಗದಕೈ ನನ್ನಲ್ಲಿತ್ತು; ನಾನು ಊರಿಗೆ ಹೋದೆನು. ಸೋಮವಾರ ಬೆಳಿಗ್ಗೆ ತೆರೆದು ನೋಡಿದರೆ ಇಲಿಯು ಸತ್ತಿತ್ತು. ದೇಹದಲ್ಲಿ ಗಾಯವೊಂದೂ ಇರಲಿಲ್ಲ. ಅಷ್ಟು ಸಣ್ಣ ಪ್ರಾಣಿಯು ನೀರು ಆಹಾರಗಳಿಲ್ಲದೆ, ಭಯದಲ್ಲಿ, ಬಹಳ ಹೊತ್ತು ಬಾಳಲಾರದು. ಹುಡುಗಿಯರು ಏನೂ ಅನ್ನಲಿಲ್ಲ.

ಇಂಥದೇ ಒಂದು ಸಂಗತಿಯು ಇಂಗ್ಲೆಂಡಿನಲ್ಲಿಯೂ ನಡೆದದ್ದುಂಟು. ಸೆಲ್ಸಿ ಎಂಬ ಊರಿನ ಕಾಲಿನ್ ಪುಲಿಂಜರ್ ಎಂಬವರು 1861ರಲ್ಲಿ ಪೇಟೆಂಟ್ ಪಡೆದ ಬೋನು ಕೂಡ ತೂಗುಹಲಗೆಯದೇ. ಒಂದರ ಹಿಂದೊಂದಾಗಿ ಇಲಿಗಳನ್ನು ಜೀವಂತವಾಗಿ ಹಿಡಿಯತಕ್ಕದ್ದು. ಅವುಗಳಲ್ಲೊಂದು ರೆಡಿಂಗ್ ನಗರದಲ್ಲಿ, ಇಂಗ್ಲಿಷ್ ಗ್ರಾಮಜೀವನದ ವಸ್ತುಸಂಗ್ರಹಾಲಯದಲ್ಲಿದೆ. 2016ರಲ್ಲಿ ಅದರೊಳಗೆ ಒಂದು ಇಲಿ ಸತ್ತು ಬಿದ್ದಿರುವದು ಕಂಡುಬಂತು. ಯಾರೂ ತಿಂಡಿ ಇಟ್ಟಿರಲಿಲ್ಲ. 155 ವರುಷಗಳ ತರುವಾಯವೂ ಬೋನು ತನ್ನ ಕೆಲಸವನ್ನು ಮಾಡಿತ್ತು. ಆದರೆ ಅದು ಕೆಲಸ ಮಾಡೀತೆಂದು ಎಣಿಸಿ ನೋಡುವವರು ಇರಲಿಲ್ಲ.

ಅಂದಿನಿಂದ ನಮ್ಮಲ್ಲಿ ಬೋನನ್ನು ಹೂಡುವವಳೇ ಬೀಗದಕೈಯನ್ನು ಇಟ್ಟುಕೊಂಡು, ಬೆಳಗಿನ ಗಂಟೆಗೆ ಮುಂಚೆ ನೋಡಿ, ಪುಸ್ತಕದಲ್ಲಿ ಹೆಸರು ಬರೆಯತಕ್ಕದ್ದು. ಶನಿವಾರ ಭಾನುವಾರಗಳಲ್ಲಿ ಹೂಡುವದಿಲ್ಲ. ಒಳಗೆ ಜಜ್ಜಿದ ಕಡಲೆಕಾಯಿ ಬೀಜದೊಂದಿಗೆ ಸೌತೆಕಾಯಿಯ ಚೂರು, ತುಸು ಹತ್ತಿ ಇಡುವೆವು. ಬಿಸಿಲಿನಲ್ಲಿ ಇಡಲೇಬಾರದು, ನಾವು ಬಳಸಿದ ಪಿ.ಎಲ್.ಎ. ಪ್ಲಾಸ್ಟಿಕ್ಕು 60 ಡಿಗ್ರಿಯ ಹತ್ತಿರ ಮೆತ್ತಗಾಗುವದು, ಇಲಿಯಾದರೋ ಅದಕ್ಕೆ ಬಹಳ ಮುಂಚೆಯೇ ಬೆಂದು ಹೋಗುವದು. ಇಲಿಯ ಮೂತ್ರದಿಂದ ಇಲಿಜ್ವರವು ಹರಡುವದಾದ್ದರಿಂದ ಕೈಚೀಲ ಹಾಕಿಕೊಂಡೇ ಬೋನನ್ನು ಮುಟ್ಟಿ, ತರುವಾಯ ಸಾಬೂನಿನಿಂದ ತೊಳೆಯಬೇಕು. ಪೆನ್ಸಿಲು ತೂರುವಷ್ಟು ಕಿಂಡಿಯಿದ್ದರೂ ಬಿಟ್ಟ ಇಲಿ ಪುನಃ ಬರುವದು. ಆದದರಿಂದ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ತುರುಕಿ ಗಾರೆಯಿಂದ ಮುಚ್ಚಿಸಿದ್ದೇವೆ.

ಕಳೆದ ತಿಂಗಳು ಸಿಕ್ಕಿದ ಇಲಿಯೊಂದು ಬಾಗಿಲಿನ ಅಂಚನ್ನು ಎರಡು ಬೆರಳಗಲ ಕಡಿದುಬಿಟ್ಟಿದೆ. ಆ ಬಾಗಿಲನ್ನೂ ನಕ್ಷೆಯನ್ನೂ ವಿಜ್ಞಾನದ ಕಪಾಟಿನಲ್ಲಿ ಇಟ್ಟಿದೆ. ಈ ವರುಷದ ಒಂಬತ್ತನೆಯ ತರಗತಿಯವರು ಅಲ್ಲಿಂದ ಆರಂಭಿಸತಕ್ಕದ್ದು.