ನಾಯಿಮರಿಗೆ ಪಾಠ

ಮನೆಗೆ ಹೊಸದಾಗಿ ನಾಯಿಮರಿಯೊಂದು ಬಂದಿತೆಂದರೆ ಅದಕ್ಕೆ ಗುರುಗಳ ಕೊರತೆ ಇರುವುದಿಲ್ಲ. ಯಜಮಾನರು ‘ಕಮ್, ಕಮ್’ ಎಂದು ಕರೆಯುತ್ತಾರೆ. ಅಜ್ಜಿ ‘ಬಾರೋ ಮರೀ’ ಎನ್ನುತ್ತಾರೆ. ಮಕ್ಕಳು ಒಬ್ಬೊಬ್ಬರೂ ಒಂದೊಂದು ಹೆಸರು ಹಿಡಿದು ಕೂಗುತ್ತಾರೆ. ಮರಿ ಎಲ್ಲರ ಮುಖವನ್ನೂ ನೋಡಿ, ಬಾಲ ಅಲ್ಲಾಡಿಸಿ, ಕೊನೆಗೆ ಯಾರದೋ ಚಪ್ಪಲಿಯನ್ನು ಕಚ್ಚಿಕೊಂಡು ಮಂಚದ ಕೆಳಗೆ ಸೇರುತ್ತದೆ. ವಾರ ಕಳೆಯುವುದರೊಳಗೆ ‘ಇದಕ್ಕೆ ಬುದ್ಧಿಯಿಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ನಿಜವಾಗಿ ನೋಡಿದರೆ ಆ ವಾರದಲ್ಲಿ ಮರಿ ಬೇಕಾದಷ್ಟು ಕಲಿತಿರುತ್ತದೆ. ಆದರೆ ಅದು ಕಲಿತದ್ದು ನಾವು ತಿಳಿದು ಹೇಳಿಕೊಟ್ಟ ಪಾಠವನ್ನಲ್ಲ, ತಿಳಿಯದೆ ಹೇಳಿಕೊಟ್ಟದ್ದನ್ನು.

ಪ್ರಾಣಿಗಳು ಕಲಿಯುವ ಬಗೆಯನ್ನು ಪ್ರಯೋಗದಿಂದ ಪರೀಕ್ಷಿಸಲು ಹೊರಟವರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಮೊದಲಿಗರಲ್ಲೊಬ್ಬನು. ಹಸಿದ ಬೆಕ್ಕನ್ನು ಅಗುಳಿಯುಳ್ಳ ಪೆಟ್ಟಿಗೆಯಲ್ಲಿ ಕೂಡಿ, ಹೊರಗೆ ಆಹಾರವನ್ನಿಟ್ಟು, ಅದು ಎಷ್ಟು ಹೊತ್ತಿಗೆ ಹೊರಬರುವುದೆಂದು ಅವನು ಲೆಕ್ಕವಿಟ್ಟನು. ಮೊದಲ ಸಲ ಬೆಕ್ಕು ಪರಚಿ, ಕೂಗಿ, ಒದ್ದಾಡಿ, ಆಕಸ್ಮಿಕವಾಗಿ ಅಗುಳಿಯನ್ನು ತಗಲಿ ಹೊರಬಂದಿತು. ಸಲದಿಂದ ಸಲಕ್ಕೆ ವ್ಯರ್ಥವಾದ ಒದ್ದಾಟ ಕಡಿಮೆಯಾಗುತ್ತ ಬಂದಿತು. ಯಾವ ಕೆಲಸದ ಹಿಂದೆಯೇ ಸುಖವುಂಟಾಗುವುದೋ ಆ ಕೆಲಸ ಪ್ರಾಣಿಯಲ್ಲಿ ಬೇರೂರುತ್ತದೆ ಎಂಬ ತತ್ತ್ವಕ್ಕೆ 1898ರಲ್ಲಿ ಪ್ರಕಟವಾದ ಈ ಪ್ರಯೋಗಗಳೇ ತಳಹದಿ. ಅತ್ತ ರಷ್ಯದಲ್ಲಿ ಇವಾನ್ ಪಾವ್ಲೊವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಸಿಸಿ 1904ರಲ್ಲಿ ನೊಬೆಲ್ ಬಹುಮಾನ ಪಡೆದನು. ಆಹಾರಕ್ಕೆ ಮುನ್ನ ತಪ್ಪದೆ ಬರುವ ಯಾವುದೇ ಸೂಚನೆ ಕಾಲಕ್ರಮದಲ್ಲಿ ಆಹಾರದಂತೆಯೇ ನಾಯಿಯ ಬಾಯಲ್ಲಿ ನೀರೂರಿಸುವುದೆಂದು ಅವನು ತೋರಿಸಿಕೊಟ್ಟನು. ನಾಯಿಮರಿಯ ಶಿಕ್ಷಣಕ್ಕೆ ಈ ಎರಡು ತತ್ತ್ವಗಳೇ ಬಂಡವಾಳ.

ಕುಳಿತುಕೊಳ್ಳುವ ಪಾಠವನ್ನೇ ತೆಗೆದುಕೊಳ್ಳೋಣ. ಬೇಯಿಸಿದ ಮೊಟ್ಟೆಯ ಚೂರೊಂದನ್ನು, ಕಡಲೆಕಾಳಿನಷ್ಟಿದ್ದರೆ ಸಾಕು, ಬೆರಳುಗಳ ನಡುವೆ ಹಿಡಿದು ಮರಿಯ ಮೂಗಿನ ಹತ್ತಿರ ತರಬೇಕು. ಬಳಿಕ ಕೈಯನ್ನು ಮೆಲ್ಲಗೆ ಅದರ ತಲೆಯ ಮೇಲಿನಿಂದ ಹಿಂದಕ್ಕೆ ಸಾಗಿಸಬೇಕು. ಮೂಗು ಮೇಲೆದ್ದಂತೆ ಹಿಂಭಾಗ ತಾನಾಗಿಯೇ ಕೆಳಗಿಳಿಯುತ್ತದೆ. ಬೆನ್ನನ್ನು ಒತ್ತಿ ಕೂರಿಸುವ ಅಗತ್ಯವಿಲ್ಲ. ಒತ್ತಿದರೆ ಮರಿ ಎದುರೊತ್ತುತ್ತದೆ. ಕೈಯನ್ನು ತೀರ ಮೇಲೆ ಹಿಡಿದರೆ ಅದು ಕೂರುವ ಬದಲು ನೆಗೆಯುತ್ತದೆ. ಹಿಂಭಾಗ ನೆಲಕ್ಕೆ ತಗಲಿದ ಆ ಕ್ಷಣದಲ್ಲಿಯೇ ‘ಭೇಷ್’ ಎಂದು ಹೇಳಿ ಚೂರನ್ನು ಬಾಯಿಗಿಡಬೇಕು.

‘ಆ ಕ್ಷಣದಲ್ಲಿಯೇ’ ಎಂಬುದನ್ನು ಓದುಗರು ಲಘುವಾಗಿ ಎಣಿಸಬಾರದು. ಮರಿ ಕುಳಿತ ಮೇಲೆ ನಾವು ಜೇಬು ತಡಕಿ, ಪೊಟ್ಟಣ ಬಿಚ್ಚಿ, ಚೂರನ್ನು ಹುಡುಕಿ ಕೊಡುವ ವೇಳೆಗೆ ಅದು ಎದ್ದು ನಿಂತು ನಮ್ಮ ಮೇಲೆ ಕಾಲಿಟ್ಟಿರುತ್ತದೆ. ನಾವು ಬಹುಮಾನ ಕೊಟ್ಟದ್ದು ಕುಳಿತುದಕ್ಕೆಂದು ನಮ್ಮ ಎಣಿಕೆ. ಮೇಲೆ ಹಾರಿದುದಕ್ಕೆಂದು ಮರಿಯ ಎಣಿಕೆ. ಈ ತೊಡಕಿಗೆ ಪರಿಹಾರ ಪಾವ್ಲೊವನಲ್ಲಿದೆ. ಮೊದಲು ಏನನ್ನೂ ಕಲಿಸದೆ, ‘ಭೇಷ್’ ಎನ್ನುವುದು, ಚೂರು ಕೊಡುವುದು, ಹೀಗೆ ಹತ್ತು ಹದಿನೈದು ಸಲ ಮಾಡಿದರೆ ಆ ಸದ್ದೇ ಬಹುಮಾನದ ಮುಂಗಡ ಚೀಟಿಯಾಗುತ್ತದೆ. ಕೈ ತಡವಾದರೂ ನಾಲಗೆ ತಡವಾಗಬೇಕಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1951ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನವೊಂದರಲ್ಲಿ ಇದೇ ಉಪಾಯಕ್ಕೆ ಕಟಕ್ಕೆಂದು ಸದ್ದು ಮಾಡುವ ಮಕ್ಕಳ ಆಟಿಕೆಯನ್ನು ಸೂಚಿಸಿದ್ದನು. ಇಂದು ತರಬೇತಿಗಾರರು ಬಳಸುವ ಕ್ಲಿಕ್ಕರ್ ಅದರ ಸಂತತಿಯೇ.

ಇನ್ನು ಆಜ್ಞೆಯ ಮಾತು. ಮರಿಗೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ‘ಕೂರು’ ಎಂದರೂ ಸರಿ, ‘ಸಿಟ್’ ಎಂದರೂ ಸರಿ. ಮನೆಯವರೆಲ್ಲರೂ ಒಂದನ್ನೇ ಹಿಡಿಯಬೇಕು. ಬರಿಯ ಕೈಸನ್ನೆಗೆ ಮರಿ ಕೂರುವಂತಾದ ಮೇಲೆ, ಮೊದಲು ಮಾತು, ಅರೆಗಳಿಗೆ ಬಿಟ್ಟು ಸನ್ನೆ, ಈ ಕ್ರಮದಲ್ಲಿ ನಡೆಸಿದರೆ ಅದು ಸನ್ನೆಗೆ ಕಾಯದೆ ಮಾತಿಗೇ ಕೂರುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಮರಿ ಸನ್ನೆಯನ್ನು ಮಾತ್ರ ಗಮನಿಸಿ ಮಾತನ್ನು ಕೈಬಿಡುವುದೇ ಹೆಚ್ಚು. ಪ್ರಾಣಿಗಳು ನಮ್ಮ ಮೈಯನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತವೆಂಬುದಕ್ಕೆ ಜರ್ಮನಿಯ ‘ಹಾನ್ಸ್’ ಎಂಬ ಕುದುರೆ ಸಾಕ್ಷಿ. ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತಿದ್ದ ಆ ಕುದುರೆ, ಪ್ರಶ್ನಿಸಿದವರ ತಲೆಯ ಅತಿ ಸಣ್ಣ ಅಲುಗಾಟವನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತೆಂದು 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಸಿದ್ಧಪಡಿಸಿದನು. ನಿಮ್ಮ ಮರಿ ‘ಕೂರು’ ಎಂಬ ಪದವನ್ನು ಕಲಿತಿದೆಯೇ ಎಂದು ತಿಳಿಯಬೇಕಾದರೆ ಅದಕ್ಕೆ ಬೆನ್ನು ಮಾಡಿ ನಿಂತು ಹೇಳಿ, ಕನ್ನಡಿಯಲ್ಲಿ ನೋಡಿರಿ. ಬಹುಮಂದಿಗೆ ನಿರಾಶೆಯಾಗುವುದು ಖಂಡಿತ. ನಡುಮನೆಯಲ್ಲಿ ಕಲಿತ ಪಾಠ ಜಗಲಿಯಲ್ಲಿ ಮರೆತುಹೋಗುವುದೂ ಹೀಗೆಯೇ. ಜಾಗ ಬದಲಾದಾಗ ಪಾಠವನ್ನು ಮೊದಲಿನಿಂದ, ಸುಲಭವಾಗಿ, ಆರಂಭಿಸಬೇಕು.

ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲವೂ ತಿನಿಸು ಕೊಡಬೇಕಾಗಿಲ್ಲ. ಒಮ್ಮೆ ಕೊಟ್ಟು, ಎರಡು ಸಲ ಬರಿಯ ಮಾತಿನಿಂದ ಮೆಚ್ಚಿ, ಮತ್ತೊಮ್ಮೆ ಕೊಟ್ಟರೆ ಅಭ್ಯಾಸ ಇನ್ನಷ್ಟು ಬಾಳಿಕೆ ಬರುತ್ತದೆ. ಯಾವಾಗ ಸಿಗುವುದೆಂದು ತಿಳಿಯದ ಬಹುಮಾನಕ್ಕಾಗಿ ಪ್ರಾಣಿ ಬಹುಕಾಲ ಪ್ರಯತ್ನಿಸುವುದೆಂದು ಸ್ಕಿನ್ನರ್ ಮತ್ತು ಫರ್ಸ್ಟರ್ 1957ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದರು. ಊಟದ ಹೊತ್ತಿಗೆ ನಾಯಿ ಎಲೆಯ ಮುಂದೆ ಕುಳಿತು ಕುಂಯ್‌ಗುಡುವುದರ ರಹಸ್ಯವೂ ಇಲ್ಲಿಯೇ ಇದೆ. ಒಂಬತ್ತು ದಿನ ಗದರಿಸಿ ಹತ್ತನೆಯ ದಿನ ಮನಸ್ಸು ಕರಗಿ ದೋಸೆಯ ತುಂಡೊಂದನ್ನು ಎಸೆಯುವ ಅಜ್ಜಿ, ದಿನವೂ ಎಸೆಯುವವರಿಗಿಂತ ಬಲವಾದ ಪಾಠವನ್ನು ಹೇಳಿಕೊಟ್ಟಿರುತ್ತಾರೆ.

ವಿನೋದದ ಆಟಗಳನ್ನು ಕಲಿಸುವ ಕ್ರಮ ಬೇರೆಯಲ್ಲ. ಮುಚ್ಚಿದ ಮುಷ್ಟಿಯಲ್ಲಿ ಚೂರನ್ನಿಟ್ಟು ನೆಲದ ಹತ್ತಿರ ಹಿಡಿದರೆ ಮರಿ ಮೂಸುತ್ತದೆ, ನೆಕ್ಕುತ್ತದೆ, ಕೊನೆಗೆ ಕಾಲಿನಿಂದ ಕೆರೆಯುತ್ತದೆ. ಕೆರೆದೊಡನೆ ‘ಭೇಷ್’ ಎಂದು ಮುಷ್ಟಿ ಬಿಚ್ಚಿರಿ. ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಕೈಯನ್ನು ಮೇಲೆತ್ತುತ್ತ, ಮುಷ್ಟಿಯನ್ನು ಅಂಗೈಯಾಗಿ ಬಿಡಿಸುತ್ತ ಬಂದರೆ ಅದೇ ‘ಕೈ ಕೊಡು’ ಎಂಬ ಆಟವಾಗುತ್ತದೆ. ಮೂಗಿನ ಮುಂದೆ ಚೂರನ್ನು ವೃತ್ತಾಕಾರವಾಗಿ ಸಾಗಿಸಿದರೆ ಮರಿ ಬುಗುರಿಯಂತೆ ಸುತ್ತುತ್ತದೆ. ಮೊದಲ ದಿನ ಕಾಲು ಸುತ್ತಿಗೇ ಬಹುಮಾನ, ಮರುದಿನ ಅರ್ಧಕ್ಕೆ. ಎತ್ತರದಿಂದ ಹಾರಿಸುವುದು, ಹಿಂಗಾಲುಗಳ ಮೇಲೆ ನಡೆಸುವುದು ಮುಂತಾದವನ್ನು ಮಾತ್ರ ಮೂಳೆಗಳು ಬೆಳೆದು ಬಲಿಯುವವರೆಗೆ ಬಿಟ್ಟುಬಿಡುವುದು ಒಳ್ಳೆಯದು.

ವಯಸ್ಸಿನ ವಿಷಯವಾಗಿ ಒಂದು ಮಾತು. ಅಮೆರಿಕದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ನಡೆಸಿ 1965ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹುಟ್ಟಿದ ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಮರಿಯ ಮನಸ್ಸು ಮನುಷ್ಯರ ಸ್ನೇಹಕ್ಕೆ ವಿಶೇಷವಾಗಿ ತೆರೆದಿರುತ್ತದೆ. 8 ವಾರಕ್ಕೆ ಮೊದಲೇ ತಾಯಿಯಿಂದ ಅಗಲಿಸಬಾರದು; ಬಂದ ದಿನದಿಂದಲೇ ಮೂರು ನಾಲ್ಕು ನಿಮಿಷದ ಪಾಠಗಳನ್ನು, ಊಟಕ್ಕೆ ಮುಂಚೆ, ದಿನಕ್ಕೆ ನಾಲ್ಕಾರು ಸಲ ನಡೆಸಬಹುದು. ಲಸಿಕೆಗಳು ಮುಗಿಯುವವರೆಗೆ ಬೀದಿಯನ್ನು ತೋಳಿನ ಮೇಲಿಂದಲೇ ತೋರಿಸಿರಿ. ತಿನಿಸಿನಲ್ಲಿಯೂ ವಿವೇಕ ಬೇಕು. ಕೇಸರಿಬಾತಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು; ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳಿಗೆ ಹಾನಿಕರ; ಚಾಕೊಲೇಟು ವಿಷ.

ಇಷ್ಟನ್ನೂ ಹೇಳಿ, ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಕೊನೆಗೆ ಉಳಿಸಿದ್ದೇನೆ. ಕರೆದಾಗ ಬರುವುದೇ ಅದು. ಇದರಲ್ಲಿ ಲೇಖಕನ ಅನುಭವ ಹೆಮ್ಮೆಪಡುವಂಥದಲ್ಲ. ನಮ್ಮ ಮನೆಯ ಮರಿಗೆ ಐದು ತಿಂಗಳಾಗಿದ್ದಾಗ ಅದು ಹೊಸ ಶಾಲೊಂದನ್ನು ಹರಿದುಹಾಕಿತು. ‘ಬಾ’ ಎಂದು ಕರೆದೆ. ಬಾಲ ಅಲ್ಲಾಡಿಸುತ್ತ ಬಂದಿತು. ಸುತ್ತಿದ ಪತ್ರಿಕೆಯಿಂದ ಎರಡು ಬಾರಿಸಿದೆ. ಮುಂದೆಯೂ ಎರಡು ಮೂರು ಸಲ ಹೀಗೆಯೇ ನಡೆಯಿತು. ಶಿಕ್ಷೆ ಹರಿದ ಬಟ್ಟೆಗೆಂದು ನಾನು ಭಾವಿಸಿದ್ದೆ. ಆದರೆ ಹರಿದದ್ದು ಯಾವಾಗಲೋ ಮುಗಿದ ಸಂಗತಿ. ಪೆಟ್ಟಿಗೆ ನಿಕಟವಾಗಿದ್ದ ಕೆಲಸ, ಕರೆದಾಗ ಬಂದದ್ದು. ಒಂದು ಬೆಳಗ್ಗೆ ಹಾಲಿನವನು ಬಂದಾಗ ಗೇಟು ತೆರೆದಿತ್ತು. ಮರಿ ರಸ್ತೆಯ ಅಂಚಿನಲ್ಲಿ ಏನನ್ನೋ ಮೂಸುತ್ತಿತ್ತು. ‘ಬಾ’ ಎಂದು ಕೂಗಿದೆ. ಅದಕ್ಕೆ ಕೇಳಿಸಿತು. ಕಿವಿಗಳನ್ನು ಹಿಂದಕ್ಕೆ ಮಲಗಿಸಿ, ಒಂದು ಕ್ಷಣ ನನ್ನನ್ನೇ ನೋಡಿ, ವಿರುದ್ಧ ದಿಕ್ಕಿಗೆ ಓಡಿತು. ಬರುತ್ತಿದ್ದ ಆಟೋರಿಕ್ಷಾ ಅದರ ಹಿಂಗಾಲನ್ನು ಮುರಿಯಿತು.

ಕಾಲು ಕೂಡಿಕೊಂಡ ಮೇಲೆ ‘ಬಾ’ ಎಂಬ ಪದವನ್ನು ಆ ನಾಯಿಯೊಡನೆ ಬಳಸುವುದನ್ನೇ ಬಿಟ್ಟೆವು. ಕೆಟ್ಟ ನಂಟು ಬೆಳೆದ ಪದವನ್ನು ತಿದ್ದುವುದಕ್ಕಿಂತ ಹೊಸದನ್ನು ಹಿಡಿಯುವುದು ಸುಲಭ. ಒಂದು ಸೀಟಿಯನ್ನು ಕೊಂಡು, ಊದಿದಾಗಲೆಲ್ಲ ಮೊಟ್ಟೆಯ ಚೂರು ಕೊಟ್ಟೆವು. ಮೊದಲು ಎರಡು ಹೆಜ್ಜೆಯ ದೂರದಿಂದ, ಆಮೇಲೆ ಕೋಣೆಯಿಂದ ಕೋಣೆಗೆ, ಬಳಿಕ ಹಿತ್ತಲಿನಲ್ಲಿ ಉದ್ದನೆಯ ಹಗ್ಗ ಕಟ್ಟಿ. ಸೀಟಿ ಊದಿ ಸ್ನಾನಕ್ಕೆ ಎಳೆದೊಯ್ಯಬಾರದೆಂದು, ಔಷಧಿ ಕುಡಿಸಬಾರದೆಂದು, ಗದರಿಸಬಾರದೆಂದು ಮನೆಯಲ್ಲಿ ಕಟ್ಟಳೆ ಮಾಡಿದೆವು. ಅಂಥ ಕೆಲಸಗಳಿಗೆ ನಾವೇ ಎದ್ದು ಅದರ ಬಳಿಗೆ ಹೋಗುತ್ತಿದ್ದೆವು. ಸುಮಾರು ಆರು ವಾರಗಳ ಅನಂತರ ಹಗ್ಗವನ್ನು ಬಿಚ್ಚಿದೆವು. ಗೇಟಿಗೆ ಮಾತ್ರ ಅಂದಿನಿಂದ ಎರಡು ಅಗುಳಿಗಳಿವೆ.