ಅತಿಹಗುರ ಬಟ್ಟೆಗಳ ವ್ಯಾಪಾರ: ಕೊಡಗಿನ ವರ್ತಕರು ಅರಿತಿರಬೇಕಾದ ಅಂಶಗಳು

ಕೊಡಗಿನಲ್ಲಿ ಮಳೆಯುಡುಪಿನ ವ್ಯಾಪಾರ ಹೊಸದಲ್ಲ. ಕಂಬಳಿ ಕೊಪ್ಪೆ ಮತ್ತು ಗೊರಬುಗಳ ಸ್ಥಾನವನ್ನು ರೈನ್‌ಕೋಟುಗಳು ಪಡೆದು ದಶಕಗಳೇ ಸಂದಿವೆ. ಆದರೆ 1,748 ಮೀಟರ್ ಎತ್ತರದ ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿಗಳನ್ನೇರುವ ಚಾರಣಿಗರು ಬಯಸುವುದು ಮಡಿಸಿ ಜೇಬಿನಲ್ಲಿಡಬಹುದಾದ ಜಾಕೆಟ್ ಹಾಗೂ ಹಗುರ ಡೇರೆಗಳನ್ನು. ಈ ಸರಕು ದುಬಾರಿಯಾದುದರಿಂದ ಆಯ್ಕೆಯಲ್ಲಿ ಎಡವಿದರೆ ಬಂಡವಾಳವು ಗೋದಾಮಿನಲ್ಲೇ ಕರಗುತ್ತದೆ.

1. ಮೂರು ಅಳತೆಗಳು

ಡೆನಿಯರ್ ಎಂದರೆ 9,000 ಮೀಟರ್ ನೂಲಿನ ಗ್ರಾಂ ತೂಕ. ಸಾಧಾರಣ ಬೆನ್ನುಚೀಲಗಳಲ್ಲಿ 420 ಅಥವಾ 600 ಡೆನಿಯರ್ ನೂಲಿದ್ದರೆ, ಅತಿಹಗುರ ಡೇರೆಗಳಲ್ಲಿ 10ರಿಂದ 20 ಡೆನಿಯರ್ ಇರುವುದುಂಟು. ಜಿ.ಎಸ್.ಎಂ. ಎಂಬುದು ಒಂದು ಚದರ ಮೀಟರ್ ಬಟ್ಟೆಯ ತೂಕ. ಮಾರಾಟಗಾರರು ನಮೂದಿಸಿದ ತೂಕವು ಲೇಪನಕ್ಕೆ ಮುಂಚಿನದೋ ನಂತರದ್ದೋ ಎಂಬುದನ್ನು ಕೇಳಿ ತಿಳಿಯುವುದು ಅವಶ್ಯ. ಮೂರನೆಯದು ಜಲಸ್ತಂಭದ ಅಳತೆ. ನೀರು ಜಿನುಗುವ ಮುನ್ನ ಬಟ್ಟೆಯು ತಡೆಯಬಲ್ಲ ನೀರಿನ ಎತ್ತರವನ್ನು ಇದು ಮಿಲಿಮೀಟರ್‌ಗಳಲ್ಲಿ ಸೂಚಿಸುತ್ತದೆ.

ನಡುನಡುವೆ ದಪ್ಪ ನೂಲು ಸೇರಿಸಿ ಚೌಕಗಳಾಗಿ ನೇಯ್ದ ಬಟ್ಟೆಗೆ ರಿಪ್‌ಸ್ಟಾಪ್ ಎನ್ನುತ್ತಾರೆ. ಇದು ಹರಿತ ಹಬ್ಬುವುದನ್ನು ತಡೆಯುತ್ತದೆಯೇ ಹೊರತು ಉಜ್ಜಾಟದ ಸವೆತವನ್ನಲ್ಲ. ಆದುದರಿಂದ ಕಾಫಿ ಗಿಡಗಳ ನಡುವೆ ದಿನವಿಡೀ ದುಡಿಯುವವರಿಗೆ ಅತಿಹಗುರ ಜಾಕೆಟ್ ಮಾರುವುದು ಗ್ರಾಹಕರನ್ನು ಕಳೆದುಕೊಳ್ಳುವ ದಾರಿ.

2. ನೂಲು ಮತ್ತು ಲೇಪನ

ನೈಲಾನ್ ಹೆಚ್ಚು ಗಟ್ಟಿ. ಆದರೆ ಸಾಧಾರಣ ತೇವದಲ್ಲಿಯೇ ತನ್ನ ತೂಕದ ಸುಮಾರು ಶೇ. 4ರಷ್ಟು ನೀರನ್ನು ಹೀರುತ್ತದೆ. ಆದ್ದರಿಂದ ನೆನೆದ ನೈಲಾನ್ ಡೇರೆ ಜೋಲುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ. 0.4ರಷ್ಟು ಮಾತ್ರ. ಓಟದ ಹಾಯಿದೋಣಿಗಳ ಪಟಗಳಿಗಾಗಿ ರೂಪುಗೊಂಡ ಡೈನೀಮಾ ಕಾಂಪೊಸಿಟ್ ನೇಯ್ಗೆಯಿಲ್ಲದ ಪದರ. ನೀರು ಹೀರದು, ಆದರೆ ಬೆಲೆ ಬಹಳ ಹೆಚ್ಚು.

ಕೊಡಗಿಗೆ ನಿರ್ಣಾಯಕವಾದುದು ಲೇಪನ. ಅಗ್ಗದ ಪಾಲಿಯುರೆಥೇನ್ ಲೇಪನವು ದೀರ್ಘಕಾಲದ ತೇವ ಮತ್ತು ಶಾಖದಲ್ಲಿ ವಿಘಟನೆಗೊಂಡು, ಅಂಟಂಟಾಗಿ, ವಾಸನೆ ಬಂದು ಸುಲಿದುಹೋಗುತ್ತದೆ. ಒಂದು ಮುಂಗಾರಿನ ಸರಕನ್ನು ಮುಂದಿನ ಮುಂಗಾರಿಗೆ ಉಳಿಸಿಕೊಳ್ಳುವ ಅಂಗಡಿಗೆ ಇದೇ ದೊಡ್ಡ ಅಪಾಯ. ಸಿಲಿಕೋನ್ ಲೇಪನಕ್ಕೆ ಈ ದೋಷವಿಲ್ಲ. ಆದರೆ ಅದರ ಮೇಲೆ ಸಾಮಾನ್ಯ ಹೊಲಿಗೆ ಪಟ್ಟಿ ಅಂಟುವುದಿಲ್ಲ. ಸಿಲಿಕೋನ್ ಅಂಟಿನಿಂದಲೇ ಹೊಲಿಗೆಯನ್ನು ಮುಚ್ಚಬೇಕು. ಈ ಖರ್ಚನ್ನು ಸಣ್ಣ ತಯಾರಕರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

3. ಲೆಕ್ಕಪತ್ರ ಮತ್ತು ತೆರಿಗೆ

ಸರಕನ್ನು ಅಸಲು ಬೆಲೆ ಅಥವಾ ಮಾರಿದರೆ ದೊರೆಯುವ ನಿವ್ವಳ ಮೌಲ್ಯ, ಇವುಗಳಲ್ಲಿ ಕಡಿಮೆಯಾದುದಕ್ಕೆ ಮೌಲ್ಯೀಕರಿಸುವುದು ಲೆಕ್ಕಪತ್ರ ಮಾನಕದ ನಿಯಮ. ಲೇಪನ ಸುಲಿದ ಸರಕನ್ನು ಅಸಲಿನಲ್ಲಿಯೇ ತೋರಿಸಿದರೆ ಇಲ್ಲದ ಲಾಭವನ್ನು ತೋರಿಸಿದಂತಾಗುತ್ತದೆ. ನಾಶವಾದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಿಗೆ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯೂ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಹೀಗೆ ನಷ್ಟ ಇಮ್ಮಡಿ.

2025ರ ಸೆಪ್ಟೆಂಬರ್ 22ರಿಂದ, ತಲಾ 2,500 ರೂ. ಮೀರದ ಉಡುಪಿಗೆ ಶೇ. 5, ಮೀರಿದರೆ ಶೇ. 18 ತೆರಿಗೆ ನಿಗದಿಯಾಗಿದೆ. 2,500 ರೂ. ಜಾಕೆಟ್‌ಗೆ ಗ್ರಾಹಕ ತೆರುವುದು 2,625 ರೂ.; 2,600 ರೂ. ಜಾಕೆಟ್‌ಗೆ 3,068 ರೂ. ಬೆಲೆಯಲ್ಲಿ ನೂರು ರೂಪಾಯಿ ಏರಿದರೆ ಗ್ರಾಹಕನ ಮೇಲೆ 443 ರೂ. ಹೊರೆ. ಬೆನ್ನುಚೀಲ, ಪ್ಲಾಸ್ಟಿಕ್ ಹಾಳೆಯ ರೈನ್‌ಕೋಟುಗಳ ವರ್ಗೀಕರಣ ಬೇರೆಯಾದುದರಿಂದ ಅವುಗಳಿಗೆ ಈ ಲೆಕ್ಕ ಅನ್ವಯಿಸದು.

4. ಖರೀದಿಗೆ ಮುನ್ನ

ಸರಬರಾಜುದಾರರಿಂದ ಲೇಪನದ ಬಗೆ, ಲೇಪನ ಸಹಿತ ತೂಕ, ಜಲಸ್ತಂಭದ ಅಳತೆ ಮತ್ತು ತಯಾರಿಕೆಯ ತಿಂಗಳನ್ನು ಲಿಖಿತವಾಗಿ ಪಡೆಯಬೇಕು. ಪಾಲಿಯುರೆಥೇನ್ ಲೇಪಿತ ಸರಕನ್ನು ಒಂದು ಋತುವಿಗೆ ಸಾಲುವಷ್ಟೇ ಕೊಳ್ಳಬೇಕು. ಉಳಿದುದನ್ನು ಸೆಪ್ಟೆಂಬರ್‌ನಲ್ಲಿಯೇ ರಿಯಾಯಿತಿಗೆ ಮಾರುವುದು, ಮುಂದಿನ ಜೂನ್‌ನಲ್ಲಿ ಎಸೆಯುವುದಕ್ಕಿಂತ ಲಾಭಕರ.