ಲೈಟು ಉರಿಯುತ್ತದೆ, ಸೆಲ್ಫ್ ಹೊಡೆಯುವುದಿಲ್ಲ

ಅರಿಝೋನಾದ ಚಾಂಡ್ಲರ್‌ನಲ್ಲಿ ನೆಲೆಸಿರುವ ಈ ಅಂಕಣಕಾರ ಕೊಂಡದ್ದು 1994ರ ಹಳೆಯ ಮೋಟರ್‌ಹೋಮ್. ಫೋರ್ಡ್ ಇ-350 ಚಾಸಿ, 7.5 ಲೀಟರಿನ ವಿ8 ಎಂಜಿನ್, ಚಾಲಕನ ತಲೆಯ ಮೇಲೆ ಅಟ್ಟದ ಹಾಗೆ ಮುಂದಕ್ಕೆ ಚಾಚಿದ ಮಲಗುವ ಜಾಗ. ಗಾಡಿಯ ಜೊತೆಗೆ ಹಿಂದಿನ ಮಾಲೀಕರು ಒಂದು ಲಕೋಟೆಯ ತುಂಬ ರಿಪೇರಿ ಬಿಲ್ಲುಗಳನ್ನೂ ಕೊಟ್ಟರು. ಹಣಕಾಸಿನ ಬಗ್ಗೆ ಬರೆಯುವವನಿಗೆ ಗಾಡಿಗಿಂತ ಲಕೋಟೆಯೇ ಹೆಚ್ಚು ರುಚಿಸಿದರೆ ಆಶ್ಚರ್ಯವೇನಿಲ್ಲ.

ಮೊದಲು ಹೊಸ ಬ್ಯಾಟರಿ. ಕೆಲವು ತಿಂಗಳ ಮೇಲೆ ಸ್ಟಾರ್ಟರ್ ಮೋಟರ್. ಆಮೇಲೆ ಆಲ್ಟರ್ನೇಟರ್, ಮತ್ತೆ ಇನ್ನೊಂದು ಬ್ಯಾಟರಿ. ಕೂಲಿಯೂ ಸೇರಿ ಸಾವಿರ ಡಾಲರ್ ದಾಟಿತ್ತು. ಇಷ್ಟೆಲ್ಲ ಸುರಿದ ಮೇಲೂ ಮಧ್ಯಾಹ್ನದ ಬಿಸಿಲಲ್ಲಿ ಕೀಲಿ ತಿರುಗಿಸಿದರೆ ಒಮ್ಮೊಮ್ಮೆ ‘ಟಕ್’ ಎನ್ನುವ ಒಂದು ಸದ್ದು, ಅಷ್ಟೆ. ಮಾಲೀಕರು ಇದನ್ನು ಮುಚ್ಚಿಡಲಿಲ್ಲ, ಬೆಲೆ ಇಳಿಸಿದ್ದೇ ಆ ಕಾರಣಕ್ಕೆ. ಬಿಲ್ಲುಗಳಲ್ಲಿ ಎಲ್ಲಿಯೂ ಕಾಣದಿದ್ದದ್ದು ಒಂದೇ: ಏನನ್ನಾದರೂ ಅಳೆದು ನೋಡಿದ್ದಕ್ಕೆ ಕೊಟ್ಟ ಹಣ.

ಅಮೆರಿಕದಲ್ಲಿ ಊಹೆಗೆ ತೆರುವ ಬೆಲೆ ಹೆಚ್ಚು. ಬಿಡಿಭಾಗದ ಅಂಗಡಿಗಳು ಒಮ್ಮೆ ಗಾಡಿಗೆ ಜೋಡಿಸಿದ ಎಲೆಕ್ಟ್ರಿಕ್ ಸಾಮಾನನ್ನು ಸಾಮಾನ್ಯವಾಗಿ ವಾಪಸ್ ಪಡೆಯುವುದಿಲ್ಲ. ಹಳೆಯ ಬ್ಯಾಟರಿಯನ್ನು ಮರಳಿಸಿದರೆ ಸುಮಾರು 20 ಡಾಲರ್ ಠೇವಣಿ ಕೈಗೆ ಬರುತ್ತದೆ, ಮಿಕ್ಕದ್ದು ಹೋದಂತೆಯೇ. ಅದೇ ಅಂಗಡಿಗಳಲ್ಲಿ, ಆಟೋಝೋನ್‌ನಂಥ ದೊಡ್ಡ ಸರಣಿ ಮಳಿಗೆಗಳಲ್ಲಿ, ಬ್ಯಾಟರಿಯನ್ನು ಪುಕ್ಕಟೆಯಾಗಿ ಪರೀಕ್ಷಿಸಿ ಕೊಡುತ್ತಾರೆ ಎಂಬುದು ಅನೇಕರಿಗೆ ನೆನಪಾಗುವುದು ಹೊಸದನ್ನು ಕೊಂಡ ಮೇಲೆ.

ಮೋಟರ್‌ಹೋಮಿನಲ್ಲಿ ಊಹೆ ದಾರಿ ತಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ಇದರಲ್ಲಿ ಬ್ಯಾಟರಿ ಎರಡು ಬಗೆಯದು. ಎಂಜಿನ್ ಸ್ಟಾರ್ಟ್ ಮಾಡಲು ಒಂದು. ಒಳಗಿನ ಮನೆಭಾಗದ ದೀಪ, ನೀರಿನ ಪಂಪು, ಹೀಟರ್‌ಗಳಿಗೆ ಬೇರೆಯೇ. ಓಡುವಾಗ ಆಲ್ಟರ್ನೇಟರ್ ಎರಡನ್ನೂ ತುಂಬಿಸುತ್ತದೆ, ನಿಂತಾಗ ಒಂದು ಇನ್ನೊಂದನ್ನು ಬರಿದು ಮಾಡದಂತೆ ನಡುವೆ ಒಂದು ಐಸೊಲೇಟರ್ ಕಾವಲು ಇರುತ್ತದೆ. ತಿಂಗಳುಗಟ್ಟಲೆ ಗಾಡಿಯನ್ನು ಮನೆಯ ಕರೆಂಟಿಗೆ ಸಿಕ್ಕಿಸಿಟ್ಟು, ಎಲ್ಲ ಚಾರ್ಜ್ ಆಗಿದೆ ಎಂದು ಮಾಲೀಕ ನಿಶ್ಚಿಂತನಾಗಿರುತ್ತಾನೆ. ಆದರೆ ಹಳೆಯ ಗಾಡಿಗಳಲ್ಲಿ ಬಹುಪಾಲು ಆ ಕರೆಂಟು ತುಂಬುವುದು ಮನೆಭಾಗದ ಬ್ಯಾಟರಿಯನ್ನು ಮಾತ್ರ. ಎಂಜಿನ್ನಿನ ಬ್ಯಾಟರಿ ಅಲ್ಲೇ ಸದ್ದಿಲ್ಲದೆ ಸೊರಗುತ್ತದೆ. ರೇಡಿಯೊ ನೆನಪು, ಬಾಗಿಲ ಮೆಟ್ಟಿಲಿನ ನಿಯಂತ್ರಕ ಇತ್ಯಾದಿ ಸೇರಿ ಬರೀ 50 ಮಿಲಿಆಂಪಿಯರ್ ಹೀರಿದರೂ 30 ದಿನಕ್ಕೆ 36 ಆಂಪಿಯರ್-ಗಂಟೆ ಖಾಲಿ. ನೆಗೆಟಿವ್ ತುದಿಗೆ ಹಾಕುವ ಒಂದು ಕಟ್‌ಆಫ್ ಸ್ವಿಚ್ ಈ ಸೋರಿಕೆ ತಡೆಯಲು ಸಾಕು.

ಅಂಕಣಕಾರ ಲಕೋಟೆಯನ್ನು ಬದಿಗಿಟ್ಟು ಕೊಂಡದ್ದು ಒಂದು ಡಿಜಿಟಲ್ ಮಲ್ಟಿಮೀಟರ್, 25 ಡಾಲರ್‌ನ ಸುಮಾರಿನದು. ಮಾರ್ಗದರ್ಶನಕ್ಕೆ ಕಾಸು ಬೀಳಲಿಲ್ಲ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಮಗನ ಮನೆಗೆಂದು ಬಂದು, ಬೇರೆ ಕೆಲಸವಿಲ್ಲದೆ ಬೇಸತ್ತಿದ್ದರು. “ಲೈಟು ಉರೀತು ಅಂತ ಎಲ್ಲ ಸರಿ ಇದೆ ಅನ್ಬೇಡಪ್ಪ. ಸೆಲ್ಫ್ ಹೊಡೀಲಿಲ್ಲ ಅಂತ ಬ್ಯಾಟರಿ ಬಿಸಾಕ್ಲೂ ಬೇಡ. ಮೊದ್ಲು ಅರ್ಥ್ ನೋಡು” ಎಂದರು.

ಅವರ ಮಾತಿನ ಹಿಂದೆ ಗಟ್ಟಿಯಾದ ಲೆಕ್ಕವಿದೆ. ಇಂಥ ಎಂಜಿನ್ ತಿರುಗಿಸಲು ಸ್ಟಾರ್ಟರ್ ಸುಮಾರು 200 ಆಂಪಿಯರ್ ಎಳೆಯುತ್ತದೆ. ಕೇಬಲ್ಲಿನ ತುದಿಗೆ ಕಿಲುಬು ಹಿಡಿದು 0.01 ಓಮ್ ರೋಧ ಸೇರಿಕೊಂಡರೂ 2 ವೋಲ್ಟ್ ಅಲ್ಲೇ ನಷ್ಟ. ಅದೇ ಕೇಬಲ್ಲಿನಲ್ಲಿ 10 ಆಂಪಿಯರ್ ಹರಿದಾಗ ನಷ್ಟವಾಗುವುದು 0.1 ವೋಲ್ಟ್. ಹಾಗಾಗಿಯೇ ದೀಪ ಝಗಮಗ, ಸೆಲ್ಫ್ ಸ್ತಬ್ಧ. ಅಗ್ಗದ ಮೀಟರನ್ನು ಓಮ್ ಗುರುತಿಗೆ ತಿರುಗಿಸಿ ಕೇಬಲ್ ಅಳೆದರೆ ಅದು ಸೊನ್ನೆಯ ಹತ್ತಿರವೇ ತೋರಿಸುತ್ತದೆ. ರೋಗ ಸಿಕ್ಕಿಬೀಳುವುದು ಸೆಲ್ಫ್ ಹೊಡೆಯುತ್ತಿರುವಾಗ ವೋಲ್ಟೇಜ್ ಅಳೆದರೆ ಮಾತ್ರ.

ಆದ್ದರಿಂದ ಕಾಯಬೇಕಾಯಿತು. ತಣ್ಣಗಿದ್ದಾಗ ಸಭ್ಯವಾಗಿ ಸ್ಟಾರ್ಟ್ ಆಗುವ ಗಾಡಿಯನ್ನು ಅಳೆದು ಉಪಯೋಗವಿಲ್ಲ. ಫ್ಲಾಗ್‌ಸ್ಟಾಫ್ ಕಡೆಯ ಏರು ಹತ್ತಿಳಿದು ಬಂದ ಒಂದು ಮಧ್ಯಾಹ್ನ ಅದು ಮೊಂಡು ಹಿಡಿಯಿತು. ಗೇರ್ ಪಾರ್ಕ್‌ನಲ್ಲಿ, ಹ್ಯಾಂಡ್‌ಬ್ರೇಕ್ ಬಿಗಿ, ಚಕ್ರಕ್ಕೆ ತಡೆ, ಗ್ಯಾಸ್ ಸಿಲಿಂಡರ್ ಬಂದ್. ಒಬ್ಬರು ಕೀಲಿ ಹಿಡಿದರೆ, ಇನ್ನೊಬ್ಬರು ಮೀಟರ್ ಹಿಡಿದರು.

ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಪೂರ್ತಿ ತುಂಬಿದೆ. 12.2 ಇದ್ದಿದ್ದರೆ ಅರ್ಧ ಮಾತ್ರ. ಎಂಜಿನ್ ನರಳುತ್ತ ತಿರುಗುವಾಗ ಬ್ಯಾಟರಿಯ ತುದಿಗಳಲ್ಲಿ 11.3. ಅಲ್ಲಿ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅನುಮಾನಪಡಬೇಕು, ಇದು ಹತ್ತಿರವೂ ಹೋಗಲಿಲ್ಲ. ಆದರೆ ಅದೇ ಹೊತ್ತಿಗೆ ಸ್ಟಾರ್ಟರ್‌ಗೆ ಮುಟ್ಟುತ್ತಿದ್ದದ್ದು 8.6. ನಡುವೆ 2.7 ವೋಲ್ಟ್ ಮಾಯ. ಪಾಸಿಟಿವ್ ಕೇಬಲ್ಲಿನ ಎರಡು ತುದಿಗೆ ಮೀಟರಿನ ಕಡ್ಡಿ ಇಟ್ಟರೆ 0.4, ಸಹಿಸಬಹುದಾದದ್ದು. ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಇಟ್ಟರೆ 2.3. ಅಲ್ಲಿ 0.2ರ ಆಸುಪಾಸು ಇರಬೇಕಿತ್ತು. ಆ ಅರ್ಥ್ ಕೇಬಲ್ ಬಿಚ್ಚಿ ಪ್ಲಾಸ್ಟಿಕ್ ಹೊದಿಕೆ ಸೀಳಿದರೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇತ್ತು. ಹೊಸ ಕೇಬಲ್ಲಿಗೆ 20 ಡಾಲರ್ ಕೂಡ ಆಗಲಿಲ್ಲ.

ಹಾಗಾದರೆ ಹಿಂದಿನ ಮಾಲೀಕರು ಎರಡೆರಡು ಬ್ಯಾಟರಿ ಕೊಂಡದ್ದೇಕೆ? ಅದಕ್ಕೂ ತರ್ಕವಿತ್ತು. ಡ್ಯಾಷ್‌ಬೋರ್ಡಿನಲ್ಲಿ ತುರ್ತು ಸ್ಟಾರ್ಟಿನ ಒಂದು ಗುಂಡಿ ಇದೆ, ಒತ್ತಿದರೆ ಮನೆಭಾಗದ ಬ್ಯಾಟರಿಯೂ ಕೈಜೋಡಿಸುತ್ತದೆ. ಅದನ್ನು ಒತ್ತಿದಾಗೆಲ್ಲ ಎಂಜಿನ್ ಎದ್ದು ಕೂಡುತ್ತಿತ್ತು. ಎಂಜಿನ್ನಿನ ಬ್ಯಾಟರಿ ಸತ್ತಿದೆ ಎಂದು ಯಾರಾದರೂ ತೀರ್ಮಾನಿಸುವಂಥದ್ದೇ. ಆದರೆ ಮನೆಭಾಗದ ಬ್ಯಾಟರಿಯ ಅರ್ಥ್ ಬೇರೆ ದಾರಿಯಲ್ಲಿ, ಚಾಸಿಯ ಮೂಲಕ ಎಂಜಿನ್ನಿಗೆ ಸೇರುತ್ತದೆ. ಗುಂಡಿ ಒತ್ತಿದಾಗ ಕರೆಂಟು ಹಾಳಾದ ಕೇಬಲ್ಲನ್ನು ತಪ್ಪಿಸಿ ಸುತ್ತಿಹೋಗುತ್ತಿತ್ತು. ಪರೀಕ್ಷೆ ನಿಜವನ್ನೇ ಹೇಳಿತು, ಆದರೆ ಅದು ಬೇರೆ ಪ್ರಶ್ನೆಯ ಉತ್ತರವಾಗಿತ್ತು.

ಬಿಸಿಯಾದಾಗ ಮಾತ್ರ ಕೈಕೊಡುವುದು ಫೋರ್ಡ್‌ಗಷ್ಟೇ ಅಂಟಿದ ರೋಗವಲ್ಲ. ಷೆವರ್ಲೆ ಪಿ-30 ಚಾಸಿಯ 7.4 ಲೀಟರ್ ಎಂಜಿನ್ನಿನ ಗಾಡಿಗಳು ಇದಕ್ಕೇ ಹೆಸರುವಾಸಿ, ಏಕೆಂದರೆ ಅವುಗಳ ಸ್ಟಾರ್ಟರ್ ಹೊಗೆಕೊಳವೆಯ ಪಕ್ಕದಲ್ಲೇ ಬೇಯುತ್ತದೆ. ತಾಮ್ರ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಅದರ ರೋಧ ಸುಮಾರು ಶೇ 39 ಏರುತ್ತದೆ. ಪಳಗಿದ ಕೈಗಳು ಷೆವರ್ಲೆಗೆ ಫೋರ್ಡಿನ ಸ್ಟಾರ್ಟರ್ ರಿಲೇ ಜೋಡಿಸಿ ಇದನ್ನು ಅಗ್ಗದಲ್ಲಿ ದಾಟುತ್ತಾರೆ. ಇನ್ನೂ ಅಗ್ಗದ್ದು ಗೇರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ತಂದು ಕೀಲಿ ತಿರುಗಿಸಿ ನೋಡುವುದು. ಆಗ ಸ್ಟಾರ್ಟ್ ಆದರೆ ತಪ್ಪು ಗೇರಿನ ಸುರಕ್ಷತಾ ಸ್ವಿಚ್ಚಿನದು.

ಮೀಟರ್ ಹಿಡಿಯಲು ಮನಸ್ಸಿಲ್ಲದವರು ಒಂದು ಗಂಟೆಯ ಕೂಲಿಯನ್ನು ಪತ್ತೆಗೇ ಎಂದು ಕೊಟ್ಟು, ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್ ಅಂಕಿಗಳನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಅಂಕಿ ಬರೆದುಕೊಡಲು ಹಿಂಜರಿಯುವ ಗ್ಯಾರೇಜು ಬಿಡಿಭಾಗದ ಬೆಲೆ ಹೇಳುವಾಗ ಹಿಂಜರಿಯುವುದಿಲ್ಲ.

ಮೀಟರ್, ಕೇಬಲ್, ಕಟ್‌ಆಫ್ ಸ್ವಿಚ್ ಮೂರೂ ಸೇರಿ ಆದದ್ದು 60 ಡಾಲರ್‌ನ ಒಳಗೆ. ಆ ವರ್ಷ ಗಾಡಿಯ ಮೇಲೆ ಇದಕ್ಕಿಂತ ದೊಡ್ಡ ಖರ್ಚು ರಸ್ತೆ ನೆರವಿನ ಸದಸ್ಯತ್ವದ್ದು. ಕಾರಿಗೆಂದು ಮಾಡಿಸಿದ ಸಾಮಾನ್ಯ ಸದಸ್ಯತ್ವದಲ್ಲಿ ಮೋಟರ್‌ಹೋಮ್ ಎಳೆದೊಯ್ಯುವುದು ಸೇರಿರಲಿಲ್ಲ, ಹೆಚ್ಚು ಕೊಟ್ಟು ಅದನ್ನು ಸೇರಿಸಬೇಕಾಯಿತು. ಈ ಸಲವೂ ಅಂಕಣಕಾರ ಅದನ್ನು ನವೀಕರಿಸಿದ್ದಾನೆ. ಇಂಧನದ ಪಂಪು ಇನ್ನೂ 1994ರದ್ದೇ.